ಗಣಿತಜ್ಞ ಭಾಸ್ಕರಾಚಾರ್ಯರು

ನಮ್ಮ ಬಾಲಿಕೆಯರನ್ನು ಪರೀಕ್ಷೆಯಲ್ಲಿ ಬಹುವಾಗಿ ತೊಡಕಿಗೆ ಸಿಲುಕಿಸುವ ಲೆಕ್ಕಗಳಲ್ಲಿ ಸಂಖ್ಯಾರೇಖೆಯದೊಂದು, ಸರಾಸರಿಯದೊಂದು. ಈ ಎರಡರ ತಿರುಳನ್ನೂ ಎಂಟುನೂರು ವರ್ಷಗಳಿಗೂ ಹಿಂದೆ ಒಂದೇ ಗ್ರಂಥದಲ್ಲಿ ತಿಳಿಯಹೇಳಿದ ಮಹನೀಯರ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದಿಡಲು ಅಪೇಕ್ಷಿಸುತ್ತೇವೆ.

ಭಾಸ್ಕರಾಚಾರ್ಯರು ಜನಿಸಿದುದು ಕ್ರಿ.ಶ. 1114ರಲ್ಲಿ. ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡವೆಂದು ಅವರೇ ತಿಳಿಸಿರುವರು. ಅದು ನಮ್ಮ ವಿಜಯಪುರವೆಂದು ಕೆಲವರೂ, ಖಾನದೇಶದ ಕಡೆಯದೆಂದು ಕೆಲವರೂ ವಾದಿಸುವರು. ತಂದೆ ಮಹೇಶ್ವರರೇ ಅವರಿಗೆ ಗುರುಗಳು. 1150ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಲೀಲಾವತಿಯು ಅದರ ಮೊದಲನೆಯ ಭಾಗ. ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯಗಳು ಉಳಿದವು. 1183ರಲ್ಲಿ ಕರಣಕುತೂಹಲವೆಂಬ ಜ್ಯೋತಿಷಗ್ರಂಥವನ್ನು ಬರೆದರು.

ಲೀಲಾವತಿಯಲ್ಲಿ ಒಂದು ತ್ರಿಭುಜದ ಪ್ರಶ್ನೆಯುಂಟು. ಅದರ ಪಾದ 9. ಉಳಿದ ಭುಜಗಳು 10 ಮತ್ತು 17. ಶಿರಸ್ಸಿನಿಂದ ಲಂಬವನ್ನಿಳಿಸಿದರೆ ಪಾದದ ಎರಡು ಭಾಗಗಳು ಎಷ್ಟೆಷ್ಟು? ನಿಯಮದಂತೆ ಗಣಿಸಿದರೆ ಒಂದು ಭಾಗ 15, ಇನ್ನೊಂದು ಋಣ 6 ಎಂದು ಬರುವುದು. ಒಂಬತ್ತರ ಗೆರೆಯಲ್ಲಿ ಹದಿನೈದು ಅಡಗೀತೆ? ಉದ್ದವು ಋಣವಾದೀತೆ? ಅಂಜುಬುರುಕಿಯಾದ ವಿದ್ಯಾರ್ಥಿನಿಯು ಇಲ್ಲಿ ಉತ್ತರವನ್ನು ಅಳಿಸಿಬಿಡುವಳು. ಆಚಾರ್ಯರು ಅಳಿಸಲಿಲ್ಲ, ಋಣವೆಂದರೆ ಎದುರು ದಿಕ್ಕು ಎಂದು ಅರ್ಥವಿತ್ತರು. ಲಂಬವು ಪಾದದೊಳಗೆ ಬೀಳದೆ, ಅದರ ಹತ್ತಿರದ ತುದಿಯಿಂದ 6 ಅಳತೆ ಹೊರಗೆ ಬೀಳುವುದು. ಅಲ್ಲಿಂದ ದೂರದ ತುದಿಗೆ 15. ಲಂಬದ ಎತ್ತರ 8. ಹತ್ತಿರದ ತುದಿಯನ್ನು ಸೊನ್ನೆಯೆಂದಿಟ್ಟು ಗೆರೆಯನ್ನು ಎಡಕ್ಕೆ ಬೆಳೆಸಿದರೆ, ನಾವು ಕರಿಹಲಗೆಯ ಮೇಲೆ ಬರೆಯುವ ಸಂಖ್ಯಾರೇಖೆಯೇ ಆಯಿತು.

ಮತ್ತೊಂದು ಪ್ರಶ್ನೆಯಲ್ಲಿ ಅಂಕುಡೊಂಕಾದ ಗುಂಡಿಯೊಂದನ್ನು ತೋಡಿದೆ. ಮೂರು ಕಡೆ ಅಳೆಯಲಾಗಿ ಉದ್ದವು 10, 11, 12 ಮೊಳ. ಅಗಲವು 6, 5, 7. ಆಳವು 2, 4, 3. ತೆಗೆದ ಮಣ್ಣೆಷ್ಟು? ಆಯಾ ಅಳತೆಗಳನ್ನು ಕೂಡಿ, ಅಳೆದ ಸ್ಥಳಗಳ ಸಂಖ್ಯೆಯಿಂದ ಭಾಗಿಸಿದರೆ 11, 6, 3 ದೊರೆಯುವುವು. ಅವುಗಳ ಗುಣಲಬ್ಧ 198 ಘನಮೊಳ. ಸರಾಸರಿಯೆಂದರೆ ಏರುತಗ್ಗುಗಳನ್ನು ಸಮಮಾಡುವುದು. ಕೂಡಿ ಭಾಗಿಸುವುದು ಅದಕ್ಕೆ ಸಾಧನ ಮಾತ್ರ. ಹೆಚ್ಚು ಕಡೆ ಅಳೆದಷ್ಟೂ ಫಲವು ನಿಜಕ್ಕೆ ಸಮೀಪವಾಗುವುದೆಂದು 1545ರಲ್ಲಿ ವ್ಯಾಖ್ಯಾನವನ್ನು ಬರೆದ ಗಣೇಶ ದೈವಜ್ಞರು ತಿಳಿಸಿದರು.

ಇನ್ನು ಲೀಲಾವತಿಯೆಂಬ ಹೆಸರಿನ ವಿಚಾರ. ಆಕೆ ಆಚಾರ್ಯರ ಮಗಳೆಂದೂ, ಮುಹೂರ್ತವನ್ನು ತೋರುವ ನೀರಿನ ಬಟ್ಟಲಿನ ರಂಧ್ರವನ್ನು ಅವಳ ಉಡುಪಿನ ಮುತ್ತೊಂದು ಮುಚ್ಚಲು ವಿವಾಹವು ತಪ್ಪಿತೆಂದೂ, ಆ ದುಃಖಶಮನಕ್ಕಾಗಿ ತಂದೆಯು ಈ ಗ್ರಂಥವನ್ನು ಬರೆದರೆಂದೂ ಕಥೆಯಿದೆ. ಅಕ್ಬರನ ಆಸ್ಥಾನದ ಫೈಜಿಯು 1587ರಲ್ಲಿ ಮಾಡಿದ ಪಾರಸಿ ಭಾಷಾಂತರದಲ್ಲಿ ಇದು ಕಾಣಬರುವುದು. ಗ್ರಂಥ ಹುಟ್ಟಿ ಆಗಲೇ 437 ವರ್ಷಗಳು ಕಳೆದಿದ್ದುವು. ಮೂಲದಲ್ಲಿ ದುಃಖದ ಸುಳಿವಿಲ್ಲ. ಬುದ್ಧಿವಂತೆಯಾದ ಬಾಲೆಯೊಬ್ಬಳನ್ನು ಪ್ರೀತಿಯಿಂದ ಸಂಬೋಧಿಸಿ, ಬಲ್ಲೆಯಾದರೆ ಹೇಳೆಂದು ಲೆಕ್ಕವನ್ನು ಕೇಳುವ ಗುರುವಿನ ಧ್ವನಿಯೇ ಅಲ್ಲಿ ಕೇಳಿಬರುವುದು.

ಮಾತಾಪಿತೃಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂಬುದು ನಮ್ಮ ಪ್ರಾರ್ಥನೆ. ಗಣಿತವು ಹೆಣ್ಣುಮಕ್ಕಳಿಗೆ ಬೇರೇನೂ ದೊರೆಯದಾಗ ಕೊಡತಕ್ಕ ಸಮಾಧಾನವಸ್ತುವಲ್ಲ. ಲೆಕ್ಕವು ಬಾರದೆಂದು ಮಗಳು ಕಣ್ಣೀರಿಟ್ಟಾಗ, ಅದು ಹುಡುಗಿಯರಿಗೆ ಒಗ್ಗುವ ವಿದ್ಯೆಯಲ್ಲವೆಂದು ಬಿಡಿಸಬೇಡಿರಿ. ಗೆರೆಯೊಂದನ್ನೆಳೆದು ದಿಕ್ಕನ್ನು ತೋರಿಸಿರಿ.

ಆಚಾರ್ಯರ ಮೊಮ್ಮಗ ಚಂಗದೇವರು ಅವರ ಗ್ರಂಥಗಳ ವ್ಯಾಸಂಗಕ್ಕೆಂದು ಖಾನದೇಶದ ಪಾಟಣದಲ್ಲಿ ಮಠವೊಂದನ್ನು ಸ್ಥಾಪಿಸಿದರು. 1207ರ ಶಾಸನವು ಇದಕ್ಕೆ ಸಾಕ್ಷಿ. ಕಲಿತುದನ್ನು ಮುಂದಿನವರಿಗೆ ಕಲಿಸುವುದೇ ಗುರುವಿಗೆ ಸಲ್ಲಿಸತಕ್ಕ ಕಾಣಿಕೆಯೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು, ವಿಶೇಷವಾಗಿ ಇಂದು ತಾಯಂದಿರಾಗಿರುವವರು, ಮರೆಯಲಾರರೆಂದು ನಂಬಿರುವೆವು.