ಚಾರ್ಲ್ಸ್ ಮಿಂಗಸ್

ಮಕ್ಕಳೇ, ನೀವು ಪಿಟೀಲನ್ನು ನೋಡಿದ್ದೀರಲ್ಲವೇ? ಅದನ್ನೇ ಹೋಲುವ, ಆಳೆತ್ತರಕ್ಕಿಂತಲೂ ದೊಡ್ಡದಾದ ಒಂದು ವಾದ್ಯವಿದೆ. ಅದರ ಹೆಸರು ಡಬಲ್ ಬಾಸ್. ಅದರ ನಾದ ಬಹಳ ಗಂಭೀರ. ಈ ವಾದ್ಯದಿಂದ ಹೆಸರಾದವರು ಚಾರ್ಲ್ಸ್ ಮಿಂಗಸ್.

ಮಿಂಗಸ್ 1922ರ ಏಪ್ರಿಲ್ 22ರಂದು ಅಮೆರಿಕದಲ್ಲಿ ಜನಿಸಿದರು. ಲಾಸ್ ಏಂಜಲೀಸ್ ನಗರದಲ್ಲಿ ಬೆಳೆದರು. ಬಾಲ್ಯದಲ್ಲಿ ಚೆಲ್ಲೋ ಎಂಬ ತಂತಿವಾದ್ಯವನ್ನು ಕಲಿತರು. ಆದರೆ ಆಗ ಅಲ್ಲಿನ ಶಾಸ್ತ್ರೀಯ ವಾದ್ಯವೃಂದಗಳಲ್ಲಿ ಕಪ್ಪು ಜನರಿಗೆ ಅವಕಾಶ ಸಿಗುವುದು ಬಹಳ ಕಷ್ಟವಾಗಿತ್ತು. ಮಿಂಗಸ್ ಎದೆಗುಂದಲಿಲ್ಲ. ಡಬಲ್ ಬಾಸ್ ಕಲಿತರು. ಜಾಸ್ ಸಂಗೀತ, ಚರ್ಚಿನ ಹಾಡು, ಶಾಸ್ತ್ರೀಯ ಸಂಗೀತ ಇವುಗಳನ್ನು ಬೆರೆಸಿ ಹೊಸ ಕೃತಿಗಳನ್ನು ರಚಿಸಿದರು.

1957ರಲ್ಲಿ ಲಿಟಲ್ ರಾಕ್ ನಗರದ ಬಿಳಿಯರ ಶಾಲೆಗೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಸೇರಿದರು. ಗವರ್ನರ್ ಫೌಬಸ್ ಸೈನಿಕರನ್ನು ನಿಲ್ಲಿಸಿ ಅವರನ್ನು ತಡೆದನು. ಮಿಂಗಸ್ ಸುಮ್ಮನಿರಲಿಲ್ಲ. ಅವನನ್ನು ಅಣಕಿಸಿ ಒಂದು ಕೃತಿಯನ್ನೇ ರಚಿಸಿದರು.

1977ರಲ್ಲಿ ಅವರಿಗೆ ನರರೋಗವಿರುವುದು ತಿಳಿಯಿತು. ಕೈಕಾಲುಗಳ ಶಕ್ತಿ ಕುಂದಿತು. ವಾದ್ಯ ನುಡಿಸಲು ಆಗಲಿಲ್ಲ. ಆಗ ಟೇಪ್ ರೆಕಾರ್ಡರಿನ ಮುಂದೆ ಹಾಡಿ ಕೃತಿಗಳನ್ನು ರಚಿಸಿದರು. 1979ರ ಜನವರಿ 5ರಂದು ಮೆಕ್ಸಿಕೋ ದೇಶದಲ್ಲಿ ನಿಧನರಾದರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ನಮ್ಮ ಗಂಗಾನದಿಯಲ್ಲಿ ಬಿಡಲಾಯಿತು.

ಕೈ ಸೋತಾಗ ಕೊರಳಿನಿಂದಲೇ ಕೆಲಸ ಮುಂದುವರಿಸಿದ ಅವರ ಛಲವನ್ನು ನೀವೂ ನೆನಪಿಡಿ.