ಆಕಾಶದ ಬೆಳಕುಗಳನ್ನು ಪರೀಕ್ಷಿಸಿದ ಹೈನೆಕ್

ಮಕ್ಕಳೇ, ಸಂಜೆ ಹೊಲದಿಂದ ಮನೆಗೆ ಬರುವಾಗ ಪಶ್ಚಿಮದ ಆಕಾಶದಲ್ಲಿ ದೀಪದಂತಹ ಬೆಳಕೊಂದನ್ನು ಕಂಡಿದ್ದೀರಾ? ನೀವು ನಡೆದರೆ ಅದೂ ನಿಮ್ಮ ಜೊತೆಗೇ ಬರುವಂತೆ ಕಾಣುತ್ತದೆ, ಅಲ್ಲವೇ? ಇಂತಹ ಬೆಳಕುಗಳು ಏನೆಂದು ಪತ್ತೆ ಹಚ್ಚಲು ಸುಮಾರು ಇಪ್ಪತ್ತು ವರ್ಷ ದುಡಿದ ವಿಜ್ಞಾನಿಯೊಬ್ಬರಿದ್ದರು. ಅವರೇ ಜೋಸೆಫ್ ಅಲೆನ್ ಹೈನೆಕ್.

ಹೈನೆಕ್ 1910ರ ಮೇ 1ರಂದು ಅಮೆರಿಕದ ಚಿಕಾಗೋ ನಗರದಲ್ಲಿ ಜನಿಸಿದರು. ಆ ವರ್ಷ ಹ್ಯಾಲಿ ಧೂಮಕೇತು ಆಕಾಶದಲ್ಲಿ ಕಾಣಿಸಿಕೊಂಡಿತ್ತು. 1935ರಲ್ಲಿ ಡಾಕ್ಟರೇಟ್ ಪಡೆದು, ಓಹಾಯೋ ರಾಜ್ಯದಲ್ಲಿ ಖಗೋಳ ವಿಜ್ಞಾನದ ಅಧ್ಯಾಪಕರಾದರು.

1947ರ ಜೂನ್ ತಿಂಗಳಲ್ಲಿ ಅಮೆರಿಕದ ವಿಮಾನ ಚಾಲಕರೊಬ್ಬರು ಒಂಬತ್ತು ವಸ್ತುಗಳು ಅತಿ ವೇಗವಾಗಿ ಹಾರಿದ್ದನ್ನು ಕಂಡುದಾಗಿ ತಿಳಿಸಿದರು. ಪತ್ರಿಕೆಗಳು ಅವನ್ನು ಹಾರುವ ತಟ್ಟೆಗಳೆಂದು ಕರೆದವು. ಅಷ್ಟೇ ಸಾಕಾಯಿತು! ಎಲ್ಲ ಕಡೆಯಿಂದ ಜನರ ದೂರುಗಳು ಬರತೊಡಗಿದವು. ಅವು ಶತ್ರು ದೇಶದ ವಿಮಾನಗಳಾಗಿದ್ದರೆ? ಅಮೆರಿಕದ ವಾಯುಪಡೆ ತನಿಖೆ ಆರಂಭಿಸಿತು. 1948ರಲ್ಲಿ ಹೈನೆಕ್ ಅವರ ನೆರವು ಕೇಳಿತು. 1952ರಿಂದ ಈ ತನಿಖೆಗೆ ಬ್ಲೂ ಬುಕ್ ಯೋಜನೆ ಎಂಬ ಹೆಸರು ಬಂತು.

ಹೈನೆಕ್ ಮಾಡುತ್ತಿದ್ದ ಕೆಲಸ ಸರಳ, ಆದರೆ ತಾಳ್ಮೆಯದು. ಬೆಳಕು ಕಂಡ ದಿನ, ಸಮಯ, ದಿಕ್ಕು, ಎತ್ತರ ಎಲ್ಲವನ್ನೂ ನೋಡುತ್ತಿದ್ದರು. ಆ ಹೊತ್ತಿಗೆ ಅಲ್ಲಿ ಯಾವ ಗ್ರಹ, ಯಾವ ನಕ್ಷತ್ರ ಇತ್ತೆಂದು ಲೆಕ್ಕ ಹಾಕುತ್ತಿದ್ದರು. ಎಷ್ಟೋ ಬೆಳಕುಗಳು ಶುಕ್ರ ಗ್ರಹ, ಉಲ್ಕೆ, ವಿಮಾನ ಅಥವಾ ಬಲೂನುಗಳೇ ಆಗಿದ್ದವು. ಗ್ರಹ ಬಹಳ ದೂರದಲ್ಲಿ ಇರುವುದರಿಂದಲೇ ನಮ್ಮ ಜೊತೆ ಬರುವಂತೆ ಕಾಣುತ್ತದೆ.

ಮೊದಲು ಹೈನೆಕ್ ಇಂತಹ ಸುದ್ದಿಗಳನ್ನು ನಂಬುತ್ತಿರಲಿಲ್ಲ. 1966ರಲ್ಲಿ ಮಿಷಿಗನ್ ರಾಜ್ಯದ ಜನ ಕಂಡ ಬೆಳಕುಗಳಿಗೆ ಜೌಗು ನೆಲದ ಅನಿಲ ಕಾರಣವಿರಬಹುದು ಎಂದರು. ನಮ್ಮ ಹಳ್ಳಿಗಳ ಕೊಳ್ಳಿದೆವ್ವದ ಬೆಳಕಿಗೂ ಇಂತಹ ಅನಿಲವೇ ಕಾರಣ ಎನ್ನುವುದುಂಟು. ಆದರೆ ಕಣ್ಣಾರೆ ಕಂಡವರು ಈ ಮಾತಿಗೆ ಸಿಟ್ಟಾದರು. ಕಾಲ ಕಳೆದಂತೆ ಹೈನೆಕ್ ಅವರ ನಿಲುವು ಬದಲಾಯಿತು. ನೋಡಿದವರನ್ನು ನಗೆಪಾಟಲು ಮಾಡದೆ, ಸರಿಯಾಗಿ ಅಧ್ಯಯನ ಮಾಡಬೇಕೆಂದು ಅವರು ವಾದಿಸಿದರು.

1969ರಲ್ಲಿ ಯೋಜನೆ ಮುಗಿಯಿತು. ಒಟ್ಟು 12,618 ವರದಿಗಳಲ್ಲಿ 701ಕ್ಕೆ ಕಾರಣ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದರೆ ಅನ್ಯಗ್ರಹದವರು ಬಂದಿದ್ದರು ಎಂದಲ್ಲ. ಅದಕ್ಕೆ ಪುರಾವೆ ಸಿಗಲಿಲ್ಲವೆಂದು ವಾಯುಪಡೆ ಹೇಳಿತು. ಹೈನೆಕ್ ಮಾತ್ರ ಅಧ್ಯಯನ ಬಿಡದೆ, 1973ರಲ್ಲಿ ಅದಕ್ಕಾಗಿಯೇ ಒಂದು ಕೇಂದ್ರ ಸ್ಥಾಪಿಸಿದರು. 1986ರ ಏಪ್ರಿಲ್ 27ರಂದು ಅವರು ತೀರಿಕೊಂಡರು. ಆ ವರ್ಷ ಹ್ಯಾಲಿ ಧೂಮಕೇತು ಮತ್ತೆ ಬಂದಿತ್ತು!

ಈ ವಿಧಾನ ನಮ್ಮ ದೇಶಕ್ಕೂ ನೆರವಾಗಿದೆ. 2012–13ರಲ್ಲಿ ಲಡಾಖ್ ಗಡಿಯ ನಮ್ಮ ಸೈನಿಕರು ರಾತ್ರಿ ಬೆಳಕುಗಳನ್ನು ಕಂಡು, ಚೀನಾದ ಡ್ರೋನ್‌ಗಳಿರಬಹುದೆಂದು ಶಂಕಿಸಿದರು. ಸೇನೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಿತು. ಪರೀಕ್ಷಿಸಿದಾಗ ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿಯಿತು. ಗಡಿಯಲ್ಲಿ ಇಂತಹ ತಪ್ಪು ತಿಳಿವಳಿಕೆಯಿಂದ ಜಗಳವೇ ಆಗಬಹುದಿತ್ತು!

ನೀವೂ ಮಾಡಿ ನೋಡಿ: ಕಣಗಲಾದ ಹೆದ್ದಾರಿ ದೀಪಗಳಿಂದ ದೂರ, ಹಿರಿಯರ ಜೊತೆ ಬಯಲಿನಲ್ಲಿ ನಿಲ್ಲಿ. ಒಂದು ಬೆಳಕನ್ನು ಬೇವಿನ ಕೊಂಬೆಯ ನೇರಕ್ಕೆ ಗುರುತಿಟ್ಟು ಅರ್ಧ ಗಂಟೆ ಗಮನಿಸಿ. ನಿಧಾನವಾಗಿ ಪಶ್ಚಿಮಕ್ಕೆ ಸರಿದರೆ ಗ್ರಹ ಅಥವಾ ನಕ್ಷತ್ರ. ಕೆಲವೇ ನಿಮಿಷಗಳಲ್ಲಿ ಆಕಾಶ ದಾಟಿದರೆ ವಿಮಾನ ಅಥವಾ ಕೃತಕ ಉಪಗ್ರಹ. ಮಿಂಚಿ ಮಾಯವಾದರೆ ಉಲ್ಕೆ. ದಿನ, ಸಮಯ, ದಿಕ್ಕು ಬರೆದಿಡಿ. ಯಾವುದಕ್ಕೂ ಹೊಂದದಿದ್ದರೆ, ಗೊತ್ತಾಗಲಿಲ್ಲ ಎಂದೇ ಬರೆಯಿರಿ. ಅದೂ ವಿಜ್ಞಾನವೇ.