ಜೇನುಗೂಡನ್ನು ತೆರೆದು ತೋರಿದ ಗುರು: ವಂದನೀಯ ಯಾನ್ ಜಿಯೆರ್ಜೋನ್

ಪಾಸ್ಖ ಜಾಗರಣೆಯ ರಾತ್ರಿ ಹಾಡುವ ಸ್ತುತಿಗೀತೆಯಲ್ಲಿ ಧರ್ಮಸಭೆಯು ಜೇನುನೊಣದ ಶ್ರಮವನ್ನು ಸ್ಮರಿಸುತ್ತದೆ. ಆದರೆ ಒಂದು ಕಾಲದಲ್ಲಿ ಯುರೋಪಿನ ಹಲವು ಹಳ್ಳಿಗಳಲ್ಲಿ ಜೇನು, ಮೇಣಗಳಿಗಾಗಿ ಆ ಜೀವಿಯನ್ನೇ ಕೊಲ್ಲುತ್ತಿದ್ದರು. ಹುಲ್ಲಿನ ಬುಟ್ಟಿಗಳಲ್ಲಿ ಸಾಕಿದ ನೊಣಗಳನ್ನು ಗಂಧಕದ ಹೊಗೆಯಿಂದ ಸಾಯಿಸಿ, ಎರಿಗಳನ್ನು ಕೊಯ್ದು ಹಿಂಡುತ್ತಿದ್ದರು. ಈ ಕ್ರೌರ್ಯವಿಲ್ಲದೆ ಜೇನು ಪಡೆಯುವ ದಾರಿ ತೋರಿದವರಲ್ಲಿ ಅಗ್ರಗಣ್ಯರು ವಂದನೀಯ ಯಾನ್ ಜಿಯೆರ್ಜೋನ್.

ಇಂದಿನ ಪೋಲೆಂಡಿಗೆ ಸೇರಿದ ಸೈಲೀಷಿಯಾ ಪ್ರಾಂತ್ಯದ ಲೋವ್ಕೊವಿತ್ಸೆ ಗ್ರಾಮದಲ್ಲಿ 1811ರ ಜನವರಿ 16ರಂದು ಅವರು ಜನಿಸಿದರು. ಬ್ರೆಸ್ಲಾವ್‌ನಲ್ಲಿ ದೈವಶಾಸ್ತ್ರ ಅಭ್ಯಸಿಸಿ 1834ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಕಾರ್ಲ್ಸ್‌ಮಾರ್ಕ್ಟ್ ಎಂಬ ಪುಟ್ಟ ಊರಿನ ವಿಚಾರಣಾ ಗುರುಗಳಾದರು. ಬಿಡುವಿನ ವೇಳೆಯ ಜೇನುಸಾಕಣೆ ಕ್ರಮೇಣ ತಪಸ್ಸಾಯಿತು.

1838ರಲ್ಲಿ ಅವರು ರೂಪಿಸಿದ ಪೆಟ್ಟಿಗೆಯೊಳಗೆ ಮರದ ಪಟ್ಟಿಗಳಿದ್ದವು. ನೊಣಗಳು ಒಂದೊಂದು ಪಟ್ಟಿಗೆ ಒಂದೊಂದು ಎರಿಯನ್ನು ಕಟ್ಟುತ್ತಿದ್ದುದರಿಂದ, ಬೇಕಾದ ಎರಿಯನ್ನಷ್ಟೇ ಹೊರತೆಗೆದು ನೋಡಬಹುದಾಗಿತ್ತು. ಮೊಟ್ಟೆ, ಮರಿಗಳ ಎರಿಯನ್ನು ಬಿಟ್ಟು ತುಂಬಿದ ಜೇನನ್ನು ಮಾತ್ರ ತೆಗೆಯುವುದು ಸಾಧ್ಯವಾಯಿತು. ಹೀಗೆ ತೆರೆದ ಗೂಡನ್ನು ನೋಡುತ್ತಲೇ, ಗಂಡುನೊಣಗಳು ಫಲಿತವಾಗದ ಮೊಟ್ಟೆಗಳಿಂದ ಹುಟ್ಟುತ್ತವೆ ಎಂಬ ಅಚ್ಚರಿಯ ಸತ್ಯವನ್ನು ಅವರು 1845ರಲ್ಲಿ ಪ್ರಕಟಿಸಿದರು. ಅನೇಕರು ನಂಬಲಿಲ್ಲ. 1856ರಲ್ಲಿ ವಿಜ್ಞಾನಿ ಸೀಬೋಲ್ಡ್ ಸೂಕ್ಷ್ಮದರ್ಶಕದ ನೆರವಿನಿಂದ ಅದನ್ನು ಸಮರ್ಥಿಸಿದರು.

ಆದರೂ ಆ ಪೆಟ್ಟಿಗೆಯಲ್ಲಿ ಒಂದು ಕೊರತೆಯಿತ್ತು. ಎರಿಗಳು ಬದಿಯ ಹಲಗೆಗೆ ಅಂಟಿಕೊಳ್ಳುತ್ತಿದ್ದು, ಅವನ್ನು ಚಾಕುವಿನಿಂದ ಬಿಡಿಸಬೇಕಾಗಿತ್ತು. ಅಮೆರಿಕದ ಲ್ಯಾಂಗ್‌ಸ್ಟ್ರೋತ್ 1851ರಲ್ಲಿ ರೂಪಿಸಿದ ನಾಲ್ಕು ಬದಿಯ ಚೌಕಟ್ಟು ಈ ತೊಡಕನ್ನು ನೀಗಿಸಿತು. 1865ರಲ್ಲಿ ಆಸ್ಟ್ರಿಯಾದ ಸೇನಾಧಿಕಾರಿಯಾಗಿದ್ದ ಹ್ರುಶ್ಕಾ, ಎರಿಯನ್ನು ತಿರುಗಿಸಿ ಜೇನನ್ನು ಸಿಡಿಸಿ ತೆಗೆಯುವ ಯಂತ್ರವನ್ನು ಬ್ರನೋ ನಗರದ ಸಮ್ಮೇಳನದಲ್ಲಿ ಪರಿಚಯಿಸಿದರು. ಹಿಂಡಿದ ಎರಿ ಮರಳಿ ಬಾರದು. ಮೇಣ ತಯಾರಿಸಲು ನೊಣಗಳು ಅದರ ಹಲವು ಪಟ್ಟು ಜೇನನ್ನು ವ್ಯಯಿಸಬೇಕು. ಯಂತ್ರದಿಂದ ಬರಿದಾದ ಎರಿಯನ್ನಾದರೋ ಮರಳಿ ಪೆಟ್ಟಿಗೆಗೇ ಇಡಬಹುದು.

ಗುರುಗಳ ಬಾಳಿನಲ್ಲಿ ನೋವೂ ಇತ್ತು. ಒಮ್ಮೆ ರೋಗ ತಗಲಿ ಅವರ ನೂರಾರು ಜೇನುಕುಟುಂಬಗಳು ನಾಶವಾದವು. ಅದಕ್ಕಿಂತ ದೊಡ್ಡ ನೋವು ಬೇರೆ. ವಿಶ್ವಾಸ ಮತ್ತು ನೀತಿಯ ಕುರಿತು ಜಗದ್ಗುರುಗಳು ಅಧಿಕೃತವಾಗಿ ಸಾರುವ ಬೋಧನೆ ದೋಷರಹಿತವೆಂದು 1870ರಲ್ಲಿ ವ್ಯಾಟಿಕನ್ ಮಹಾಸಭೆ ಘೋಷಿಸಿದಾಗ ಅವರು ಒಪ್ಪಲಿಲ್ಲ. 1873ರಲ್ಲಿ ಧರ್ಮಸಭೆಯಿಂದ ಬಹಿಷ್ಕೃತರಾದರು. 1884ರಲ್ಲಿ ಹುಟ್ಟೂರಿಗೆ ಮರಳಿ ಜೇನುನೊಣಗಳ ನಡುವೆ ದಿನ ಕಳೆದರು. ಕೊನೆಗೆ 1905ರಲ್ಲಿ, 94ರ ಇಳಿವಯಸ್ಸಿನಲ್ಲಿ, ಧರ್ಮಸಭೆಯೊಡನೆ ಸಂಧಾನಗೊಂಡರು. ಮರುವರ್ಷ ಅಕ್ಟೋಬರ್ 26ರಂದು ಪ್ರಭುವಿನಲ್ಲಿ ನಿದ್ರಿಸಿದರು. ಪೋಲೆಂಡಿನ ಜಿಯೆರ್ಜೊನ್ಯುಫ್ ಪಟ್ಟಣ ಇಂದು ಅವರ ಹೆಸರನ್ನು ಹೊತ್ತಿದೆ.

ಮನೆಯಂಗಳದಲ್ಲಿ ಎರಡು ಮೂರು ಪೆಟ್ಟಿಗೆ ಇಟ್ಟಿರುವ ಕುಟುಂಬಗಳಿಗೆ ಈ ಬಾಳು ಒಂದು ಅಳತೆಗೋಲು. 2015ರಲ್ಲಿ ಆಸ್ಟ್ರೇಲಿಯಾದ ತಂದೆ ಮತ್ತು ಮಗ ಹೊರತಂದ ಫ್ಲೋ ಹೈವ್ ಪೆಟ್ಟಿಗೆಯಲ್ಲಿ ಹಿಡಿ ತಿರುಗಿಸಿದರೆ ಜೇನು ಕೊಳವೆಯಲ್ಲಿ ಇಳಿಯುತ್ತದೆ. ಎರಿ ಎತ್ತುವ, ನೊಣಗಳನ್ನು ಕೆಣಕುವ ಕಷ್ಟ ಕಡಿಮೆ, ಅದು ಮೆಚ್ಚತಕ್ಕದ್ದೇ. ಆದರೆ ಬೆಲೆ ದುಬಾರಿ. ಯುರೋಪಿನ ನೊಣದ ಅಳತೆಗೆ ಮಾಡಿದ ಅದರ ಎರಿ ನಮ್ಮ ತುಡುವೆ ಜೇನಿಗೆ ಹೊಂದದು. ಮೇಲಾಗಿ, ಗೂಡನ್ನು ತೆರೆಯದೆಯೇ ಜೇನು ದೊರೆತಾಗ ರಾಣಿಯ ಕ್ಷೇಮ, ಮರಿಗಳ ರೋಗ, ಮಳೆಗಾಲಕ್ಕೆ ಉಳಿಸಬೇಕಾದ ಆಹಾರ ಇವುಗಳನ್ನು ನೋಡುವ ಅಭ್ಯಾಸ ತಪ್ಪೀತು. ನಾಲ್ಕು ಮನೆಯವರು ಸೇರಿ ಕೊಂಡು ಹಂಚಿಕೊಳ್ಳುವ ಕೈಯಿಂದ ತಿರುಗಿಸುವ ಯಂತ್ರವೇ ನಮ್ಮವರಿಗೆ ಲೇಸೆನಿಸುತ್ತದೆ.

ಸಾಧನ ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಜೇನು ಪಡೆದ ಮೇಲೆ ಗೂಡು ಬಾಳುವುದೇ? ಒಬ್ಬ ಹಳ್ಳಿಯ ಗುರು ತಮ್ಮ ಆಯುಷ್ಯವನ್ನೇ ಅದಕ್ಕೆ ಉತ್ತರವಾಗಿಸಿದರು. ದೇವರ ಸೃಷ್ಟಿಯಿಂದ ಪಡೆಯುವಾಗ ಅದನ್ನು ಉಳಿಸಿ ಪಡೆಯುವ ವಿವೇಕವನ್ನು ಪ್ರಭು ನಮಗೂ ದಯಪಾಲಿಸಲಿ.